ಕ್ಲೌಡ್‌ಲ್ಯಾಬ್, ಕಮೀಲಿಯನ್, ಎಡಬ್ಲ್ಯುಎಸ್: ರಿಸರ್ಚ್ ಎಕ್ಸ್‌ಪೆರಿಮೆಂಟ್ ಓಡ್ಸೋಕೆ ಯಾವ್ದು ವಾಸಿ?

ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್‌ನಲ್ಲಿ ಪಿಎಚ್‌ಡಿ ಮಾಡೋಕೆ ಅಮೆರಿಕಾಗೆ ಬರೋ ನಮ್ಮೋರಿಗೆಲ್ಲ ಮೊದಲ ವರ್ಷದಲ್ಲೇ ಎದುರಾಗೋ ಪ್ರಶ್ನೆ, ಎಕ್ಸ್‌ಪೆರಿಮೆಂಟ್ ಎಲ್ಲಿ ಓಡ್ಸೋದು ಅಂತ. ಲ್ಯಾಬ್‌ನಲ್ಲಿರೋ ನಾಕು ಮೆಷಿನ್‌ಗೆ ಎಲ್ರೂ ಕಿತ್ತಾಡ್ತಿರ್ತಾರೆ, ಅಡ್ವೈಸರ್ ಹತ್ರ ಕ್ರೆಡಿಟ್ ಇದ್ರೆ ಎಡಬ್ಲ್ಯುಎಸ್‌ನಲ್ಲಿ ಮಾಡು ಅಂತಾರೆ, ಸೀನಿಯರ್ ಕ್ಲೌಡ್‌ಲ್ಯಾಬ್ ಅಂತಾರೆ, ಪಕ್ಕದ ಲ್ಯಾಬ್‌ನೋರು ಕಮೀಲಿಯನ್ ಅಂತಾರೆ. ಎಡಬ್ಲ್ಯುಎಸ್ ಅಂದ್ರೆ ಅಮೆಜಾನ್‌ನ ದುಡ್ಡಿನ ಕ್ಲೌಡ್, ಇನ್ನೆರಡು ರಿಸರ್ಚ್‌ಗೆ ಅಂತಲೇ ಇರೋ ಟೆಸ್ಟ್‌ಬೆಡ್, ಅಂದ್ರೆ ಪ್ರಯೋಗಕ್ಕೆ ಯಂತ್ರ ಎರವಲು ಕೊಡೋ ಜಾಗ. ನಾನು ಮೂರನ್ನೂ ಒಂದೇ ಕೆಲ್ಸಕ್ಕೆ ಹಚ್ಚಿ ನೋಡಿದೀನಿ. ಕೆಲ್ಸ ಏನಪ್ಪಾ ಅಂದ್ರೆ, ರಾಫ್ಟ್ (ಹಲವು ಸರ್ವರ್‌ಗಳು ಒಂದೇ ಮಾತಿಗೆ ಬರೋ ಹಾಗೆ ನೋಡ್ಕೊಳೋ ಆಲ್ಗರಿದಂ) ಮೇಲೆ ಕಟ್ಟಿರೋ ಒಂದು ಕೀ-ವ್ಯಾಲ್ಯೂ ಸ್ಟೋರ್, ಐದು ಸರ್ವರ್, ಜೊತೆಗೆ ಒಂದೆರಡು ಕ್ಲೈಂಟ್ ಮೆಷಿನ್, ಅಳೀಬೇಕಾಗಿರೋದು ಲೇಟೆನ್ಸಿ, ಅಂದ್ರೆ ಉತ್ತರ ಬರೋಕೆ ಹಿಡಿಯೋ ಹೊತ್ತು, ಅದ್ರಲ್ಲೂ ಪಿ99, ಅಂದ್ರೆ ನೂರು ರಿಕ್ವೆಸ್ಟ್‌ನಲ್ಲಿ ಎಲ್ಲಕ್ಕಿಂತ ಹಿಂದೆ ಬೀಳೋ ಆ ಒಂದರ ಹಣೆಬರಹ.

ಅವಸರದಲ್ಲಿರೋರಿಗೆ ತೀರ್ಪು ಈಗ್ಲೇ ಹೇಳ್ಬಿಡ್ತೀನಿ: ಅಳತೆ ಕ್ಲೌಡ್‌ಲ್ಯಾಬ್‌ನಲ್ಲಿ, ದಿನಗಟ್ಟಲೆ ಓಡೋ ಕೆಲ್ಸ ಮತ್ತೆ ಜಿಪಿಯು ಕಮೀಲಿಯನ್‌ನಲ್ಲಿ, ಖಂಡ ದಾಟೋ ಪ್ರಯೋಗ ಮಾತ್ರ ಎಡಬ್ಲ್ಯುಎಸ್‌ನಲ್ಲಿ. ಯಾಕೆ ಅನ್ನೋದು ಕೆಳಗಿದೆ.

ಮೊದಲು ದುಡ್ಡು ಕೊಟ್ಟು ತಗೊಳೋ ಕ್ಲೌಡ್ ಕಡೆಯಿಂದ ಶುರು ಮಾಡೋಣ, ಯಾಕಂದ್ರೆ ಎಲ್ರಿಗೂ ಗೊತ್ತಿರೋದು ಅದೇ. ಅಕೌಂಟ್ ಇದ್ರೆ ಸಾಕು, ಒಂದು ನಿಮಿಷದೊಳಗೆ ವಿಎಂ (ಒಂದೇ ಯಂತ್ರವನ್ನ ಹಂಚ್ಕೊಂಡು ಓಡೋ ವರ್ಚುವಲ್ ಮೆಷಿನ್) ಕೈಗೆ ಬರತ್ತೆ, ಯಾರನ್ನೂ ಕೇಳ್ಬೇಕಾಗಿಲ್ಲ, ಕ್ಯಾಲೆಂಡರ್ ನೋಡ್ಬೇಕಾಗಿಲ್ಲ. ವೆಬ್ ಆಪ್ ಕಟ್ಟೋರಿಗೆ ಇದಕ್ಕಿಂತ ಸುಖ ಇನ್ನೊಂದಿಲ್ಲ. ಅಳತೆ ಮಾಡೋರಿಗೆ ಮಾತ್ರ ಇದು ವಠಾರದ ನಲ್ಲಿ ಇದ್ದಂಗೆ, ಪಕ್ಕದ ಮನೆಯೋರು ಬಿಂದಿಗೆ ಇಟ್ಟ ತಕ್ಷಣ ನಮ್ಮ ನೀರು ಸಣ್ಣಗಾಗತ್ತೆ, ಅವರು ಯಾವಾಗ ಇಡ್ತಾರೆ ಅಂತ ನಮಗೆ ಗೊತ್ತಾಗೋದೂ ಇಲ್ಲ. ನಾನು ಬಳಸಿದ ಒಂದು ಕಮರ್ಷಿಯಲ್ ಕ್ಲೌಡ್‌ನಲ್ಲಿ (ಹೆಸ್ರು ಬೇಡ ಬಿಡಿ) ಅದೇ ಸ್ಕ್ರಿಪ್ಟ್, ಅದೇ ಸೈಜಿನ ವಿಎಂ, ಬೆಳಗ್ಗೆ ಓಡ್ಸಿದ್ದಕ್ಕೂ ಸಂಜೆ ಓಡ್ಸಿದ್ದಕ್ಕೂ ಮೀಡಿಯನ್ ಹೆಚ್ಚುಕಡಿಮೆ ಒಂದೇ ಬಂತು, ಪಿ99 ಮಾತ್ರ ದುಪ್ಪಟ್ಟು ಹತ್ರ ಹೋಯ್ತು. ಈಗ ಪೇಪರ್‌ನಲ್ಲಿ ಯಾವ ನಂಬರ್ ಬರೀಲಿ? ನನ್ನ ಆಲ್ಗರಿದಂ ನಿಧಾನವೋ, ಪಕ್ಕದ ಗಿರಾಕಿ ಅವತ್ತು ಜೋರಾಗಿದ್ನೋ, ಹೇಳೋಕೆ ದಾರಿನೇ ಇಲ್ಲ.

ದಾರಿ ಇಲ್ಲ ಅಂತ ಸುಮ್ನೆ ಹೇಳ್ತಿಲ್ಲ. ನಿಧಾನ ಯಾಕಾಯ್ತು ಅಂತ ಹುಡುಕೋಕೆ ನಾವು ನೋಡೋದು ಪರ್ಫ್ ಕೌಂಟರ್‌ಗಳನ್ನ, ಕ್ಯಾಶ್ ಮಿಸ್ ಎಷ್ಟಾಯ್ತು, ಸೈಕಲ್ ಎಷ್ಟು ಹೋಯ್ತು ಅಂತ. ಎಡಬ್ಲ್ಯುಎಸ್‌ನ ಮೆಷಿನ್ ಬಾಡಿಗೆ ಸೇವೆ ಇಸಿ2ನಲ್ಲಿ ಸಣ್ಣ ಸೈಜಿನ ವಿಎಂಗಳಿಗೆ ಆ ಕೌಂಟರ್‌ಗಳು ಪೂರ್ತಿ ಕಾಣಲ್ಲ, ಹಾರ್ಡ್‌ವೇರ್ ಹಂಚ್ಕೊಂಡಿರೋದ್ರಿಂದ ಮುಚ್ಚಿಟ್ಟಿರ್ತಾರೆ. ಪೂರ್ತಿ ಬೇಕಂದ್ರೆ ಮೆಟಲ್ ಇನ್‌ಸ್ಟೆನ್ಸ್ ತಗೋಬೇಕು, ಅಲ್ಲಿ ಇಡೀ ಯಂತ್ರ ನಮ್ದೇ. ಸಿ5.ಮೆಟಲ್ ವರ್ಜೀನಿಯಾ ರೀಜನ್‌ನಲ್ಲಿ ಆನ್-ಡಿಮ್ಯಾಂಡ್ ಗಂಟೆಗೆ 4.08 ಡಾಲರ್. ಐದು ಮೆಷಿನ್ ಒಂದು ದಿನ ಇಟ್ಕೊಂಡ್ರೆ 490 ಡಾಲರ್ ಹತ್ರ ಆಗತ್ತೆ, ಇನ್ನೂ ಕ್ಲೈಂಟ್ ಮೆಷಿನ್ ಲೆಕ್ಕಕ್ಕೇ ತಗೊಂಡಿಲ್ಲ. ಡೀಬಗ್ ಮಾಡ್ತಾ ಕೂತಿರೋ ಹೊತ್ತಿಗೂ ಮೀಟರ್ ಓಡ್ತಿರತ್ತೆ, ಊಟಕ್ಕೆ ಹೋದ್ರೂ ಓಡತ್ತೆ. ಸ್ಪಾಟ್, ಅಂದ್ರೆ ಅವರ ಹತ್ರ ಖಾಲಿ ಬಿದ್ದಿರೋ ಮೆಷಿನ್, ತಗೊಂಡ್ರೆ ಅಗ್ಗ, ಆದ್ರೆ ಎರಡು ನಿಮಿಷ ಮುಂಚೆ ನೋಟಿಸ್ ಕೊಟ್ಟು ವಾಪಸ್ ಕಿತ್ಕೋಬೋದು, ಅದು ಬ್ಯಾಚ್ ಕೆಲ್ಸಕ್ಕೆ ಸರಿ, ಐದು ಸರ್ವರ್ ಒಟ್ಟಿಗೆ ನಿಂತಿರಬೇಕಾದ ಪ್ರಯೋಗಕ್ಕೆ ಆಗ್ಬರಲ್ಲ.

ಇನ್ನು ಟೆಸ್ಟ್‌ಬೆಡ್‌ಗಳು. ಕ್ಲೌಡ್‌ಲ್ಯಾಬ್ ಮತ್ತೆ ಕಮೀಲಿಯನ್ ಎರಡೂ ಅವಳಿ ಮಕ್ಕಳು, 2014ರಲ್ಲಿ ಅಮೆರಿಕಾದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಒಂದೊಂದಕ್ಕೆ 10 ಮಿಲಿಯನ್ ಡಾಲರ್ ಕೊಟ್ಟು ಶುರು ಮಾಡ್ಸಿದ್ದು. ಎರಡೂ ರಿಸರ್ಚ್‌ಗೆ ಫ್ರೀ, ಎರಡರಲ್ಲೂ ಬೇರ್ ಮೆಟಲ್ (ವಿಎಂ ಅಲ್ಲ, ಇಡೀ ಯಂತ್ರ), ಎರಡರಲ್ಲೂ ರೂಟ್ (ಏನು ಬೇಕಾದ್ರೂ ಬದಲಾಯಿಸೋ ಅಧಿಕಾರ) ನಿಮ್ಮ ಕೈಲಿ. ಬಳಸೋಕೆ ಕೂತ್ರೆ ಮಾತ್ರ ಸ್ವಭಾವ ಪೂರ್ತಿ ಬೇರೆ.

ಕ್ಲೌಡ್‌ಲ್ಯಾಬ್ ಯೂಟಾ ಯೂನಿವರ್ಸಿಟಿಯೋರ ಕೂಸು, ಯಂತ್ರಗಳು ಮುಖ್ಯವಾಗಿ ಯೂಟಾ, ವಿಸ್ಕಾನ್ಸಿನ್, ಕ್ಲೆಮ್ಸನ್ ಮೂರು ಕಡೆ. ಒಳಗಡೆ ಓಡ್ತಿರೋದು ಎಮ್ಯುಲ್ಯಾಬ್ ಅನ್ನೋ ಹಳೇ ಸಾಫ್ಟ್‌ವೇರ್, ನೆಟ್‌ವರ್ಕಿಂಗ್ ರಿಸರ್ಚ್‌ಗೆ ಅಂತ 2000ದ ಸುಮಾರಲ್ಲಿ ಅದೇ ಯೂಟಾದಲ್ಲಿ ಹುಟ್ಟಿದ್ದು, ಆ ಬುದ್ಧಿ ಈಗ್ಲೂ ಎದ್ದು ಕಾಣತ್ತೆ. ಇಲ್ಲಿ ನೀವು ಮೆಷಿನ್ ಕೇಳಲ್ಲ, ಪ್ರೊಫೈಲ್ ಬರೀತೀರ. ಐದು ಎಕ್ಸ್‌ಎಲ್170 ನೋಡ್ (ಅಲ್ಲಿನ ಒಂದು ಮಾಡೆಲ್‌ನ ಯಂತ್ರ), ಎಲ್ಲ ಒಂದೇ ಲ್ಯಾನ್‌ನಲ್ಲಿ, ಈ ಡಿಸ್ಕ್ ಇಮೇಜ್, ಬೂಟ್ ಆದ್ಮೇಲೆ ಈ ಸ್ಕ್ರಿಪ್ಟ್ ಓಡ್ಸು ಅಂತ ಒಂದು ಪುಟದಷ್ಟು ಪೈಥಾನ್. ಅದನ್ನ ಗಿಟ್ ರೆಪೋದಲ್ಲಿ ಇಟ್ರೆ ಪ್ರತಿ ನೋಡ್‌ಗೂ ರೆಪೋ ತಾನಾಗೇ ಬಂದು ಕೂತಿರತ್ತೆ. ಸ್ವಲ್ಪ ಹೊತ್ತು ಕಾದ್ರೆ ಮ್ಯಾಪ್ ತರ ಚಿತ್ರದಲ್ಲಿ ಒಂದೊಂದೇ ನೋಡ್ ಹಸಿರಾಗ್ತಾ ಬರತ್ತೆ, ಅದನ್ನ ನೋಡ್ತಾ ಕೂರೋದೇ ಒಂದು ಖುಷಿ.

ಎಕ್ಸ್‌ಎಲ್170 ನನ್ನ ಫೇವರಿಟ್. ಹತ್ತು ಕೋರ್, 64 ಜಿಬಿ ಮೆಮೊರಿ, 25 ಗಿಗಾಬಿಟ್ ಮೆಲನಾಕ್ಸ್ ಕಾರ್ಡ್, ಈಗಿನ ಕಾಲಕ್ಕೆ ಹಳೇ ಮಾಲೇ, ಆದ್ರೆ ಒಂದೇ ಜಾತಿಯ ಯಂತ್ರ 200ರಷ್ಟಿದೆ, ಹಾಗಾಗಿ ಐದಾರು ಸಿಗೋದು ಕಷ್ಟ ಇಲ್ಲ. ಪ್ರೊಸೆಸರ್ ವೇಗ ಏರಿಳಿಯದಂಗೆ ಟರ್ಬೋ ಆಫ್ ಮಾಡಿ, ಹೈಪರ್‌ಥ್ರೆಡಿಂಗ್ ಆಫ್ ಮಾಡಿ, ಸಿ-ಸ್ಟೇಟ್ ಕಟ್ಟಿಹಾಕಿ, ಇಂಟರಪ್ಟ್‌ಗಳನ್ನ ಒಂದು ಕೋರ್‌ಗೆ ತಳ್ಳಿ ಅದೇ ಸ್ಕ್ರಿಪ್ಟ್ ಓಡ್ಸಿದ್ರೆ ಪಿ99 ಗೆರೆ ಎಳೆದಂಗೆ ಬಂತು. ಮಧ್ಯೆ ಅಲ್ಲೊಂದು ಇಲ್ಲೊಂದು ಜಿಗಿತ ಉಳ್ಕೊಂಡಿತ್ತು, ಅದು ನನ್ನ ಕೋಡ್‌ನಲ್ಲಿ ಲಾಗ್ ಫ್ಲಶ್ ಆಗೋ ಹೊತ್ತು ಅಂತ ಪರ್ಫ್ ಹಾಕಿ ಹಿಡಿಯೋಕಾಯ್ತು. ವಿಎಂನಲ್ಲಿ ಓಡ್ಸಿದಾಗ ಇದೇ ಜಿಗಿತ ಆ ಗದ್ದಲದೊಳಗೆ ಮುಳುಗಿಹೋಗಿತ್ತು ನೋಡಿ, ಕಣ್ಣಿಗೇ ಬಿದ್ದಿರಲಿಲ್ಲ. ಕರ್ನಲ್ ಬದಲಾಯಿಸಿ ಬೂಟ್ ಆಗ್ಲಿಲ್ಲ ಅಂದ್ರೂ ಗಾಬರಿ ಇಲ್ಲ, ಬ್ರೌಸರ್‌ನಲ್ಲೇ ಸೀರಿಯಲ್ ಕನ್ಸೋಲ್ ತೆಗೆದು ನೋಡ್ಬೋದು, ಅದಕ್ಕೂ ಬಗ್ಗಲಿಲ್ಲ ಅಂದ್ರೆ ಡಿಸ್ಕ್ ರೀಲೋಡ್ ಕೊಟ್ರಾಯ್ತು.

ಹೊಸಬ್ರಿಗೆ ಒಂದೆರಡು ಕಿವಿಮಾತು. ಪ್ರತಿ ನೋಡ್‌ಗೂ ಎರಡು ನೆಟ್‌ವರ್ಕ್ ಇರತ್ತೆ, ಎಸ್‌ಎಸ್‌ಎಚ್ ಮಾಡೋಕೆ ಕಂಟ್ರೋಲ್ ನೆಟ್‌ವರ್ಕ್ ಒಂದು, ಪ್ರಯೋಗಕ್ಕೆ ಇನ್ನೊಂದು, 10.10.1 ಅಂತ ಶುರುವಾಗೋ ಅಡ್ರೆಸ್‌ಗಳು ಆ ಎರಡನೇದು. ಸರ್ವರ್‌ನ ಪಬ್ಲಿಕ್ ಹೆಸರು ಕಾನ್ಫಿಗ್‌ನಲ್ಲಿ ಹಾಕ್ಬಿಟ್ರೆ ಟ್ರಾಫಿಕ್ ಎಲ್ಲ ಕಂಟ್ರೋಲ್ ಕಡೆ ಹೋಗಿ, ನಿಮ್ಮ ನಂಬರೂ ಹಾಳು, ಎಲ್ರ ಎಸ್‌ಎಸ್‌ಎಚ್ಚೂ ನಿಧಾನ. ಇನ್ನೊಂದು, ರೂಟ್ ಪಾರ್ಟಿಷನ್‌ಗೆ ಡಿಸ್ಕ್ ಪೂರ್ತಿ ಕೊಟ್ಟಿರಲ್ಲ, ಡಾಕರ್ ಇಮೇಜ್ ನಾಕು ಎಳೆಯೋಷ್ಟ್ರಲ್ಲಿ ತುಂಬಿಹೋಗತ್ತೆ, ಉಳಿದ ಜಾಗವನ್ನ ಪ್ರೊಫೈಲ್‌ನಲ್ಲೇ ಬೇರೆ ಕಡೆ ಮೌಂಟ್ ಮಾಡ್ಕೊಳ್ಳಿ. ಡಿಸ್ಕ್ ಇಮೇಜ್ ತೆಗೆದಾಗ ಹೋಮ್ ಡೈರೆಕ್ಟರಿಲಿರೋದು ಅದರೊಳಗೆ ಬರಲ್ಲ, ಇದನ್ನ ಗೋಡೆ ಮೇಲೆ ಬರ್ಕೊಳ್ಳಿ.

ಕ್ಲೌಡ್‌ಲ್ಯಾಬ್‌ನಲ್ಲಿ ಕಾಸು ಕೊಡಲ್ಲ ನಿಜ, ಕೊಡೋದು ಟೈಮ್. ಮಾಮೂಲಿಯಾಗಿ ಎಕ್ಸ್‌ಪೆರಿಮೆಂಟ್‌ಗೆ ಸಿಗೋದು 16 ಗಂಟೆ, ಆಮೇಲೆ ಎಕ್ಸ್‌ಟೆನ್ಷನ್ ಕೇಳ್ಬೇಕು, ಯಾಕೆ ಬೇಕು ಅಂತ ಕಾರಣ ಬರೀಬೇಕು, ಮುಂದೆ ಯಾರಾದ್ರೂ ಆ ನೋಡ್‌ಗಳನ್ನ ರಿಸರ್ವ್ ಮಾಡಿದ್ರೆ ನೀವೆಷ್ಟೇ ಚೆಂದ ಬರೆದ್ರೂ ಸಿಗಲ್ಲ. ಮುಗಿದ ಮೇಲೆ ಡಿಸ್ಕ್ ಒರೆಸಿ ಮುಂದಿನೋರಿಗೆ ಕೊಡ್ತಾರೆ. ಇದ್ರಿಂದ ನಂಗೆ ಒಂದು ಅಭ್ಯಾಸ ಆಗೋಯ್ತು, ಸೆಟಪ್‌ನ ಕೈಯಲ್ಲಿ ಟೈಪ್ ಮಾಡೋದೇ ಬಿಟ್ಟೆ, ಎಲ್ಲ ಸ್ಕ್ರಿಪ್ಟ್‌ಗೆ. ದಿನಾ ಸಾಯೋರಿಗೆ ಅಳೋರು ಯಾರು ಅಂತಾರಲ್ಲ, ನೋಡ್ ಸತ್ರೆ ಸಾಯ್ಲಿ, ಇನ್ನೊಂದು ಎಬ್ಬಿಸೋದು ಒಂದು ಕ್ಲಿಕ್.

ಕಮೀಲಿಯನ್ ಬೇರೆ ಜಾಯಮಾನ. ಶಿಕಾಗೋ ಯೂನಿವರ್ಸಿಟಿ ಮತ್ತೆ ಆಸ್ಟಿನ್‌ನ ಟೆಕ್ಸಸ್ ಅಡ್ವಾನ್ಸ್ಡ್ ಕಂಪ್ಯೂಟಿಂಗ್ ಸೆಂಟರ್ ಸೇರಿ ನಡೆಸೋದು, 2015ರಿಂದ ಬಳಕೆಗಿದೆ, ಒಳಗಡೆ ಓಪನ್‌ಸ್ಟ್ಯಾಕ್, ಅಂದ್ರೆ ಸ್ವಂತ ಕ್ಲೌಡ್ ಕಟ್ಕೊಳೋ ಓಪನ್ ಸೋರ್ಸ್ ಸಾಫ್ಟ್‌ವೇರ್. ಕಂಪನಿಲಿ ಓಪನ್‌ಸ್ಟ್ಯಾಕ್ ಮುಟ್ಟಿರೋರಿಗೆ ಮನೆಗೆ ಬಂದಂಗಾಗತ್ತೆ, ಮುಟ್ಟದೇ ಇರೋರಿಗೆ ಮೊದಲ ವಾರ ತಲೆಬಿಸಿ. ಇಲ್ಲಿ ಕ್ರಮ ಹೀಗೆ: ಮೊದಲು ಲೀಸ್ ಮಾಡಿ, ಅಂದ್ರೆ ಯಾವ ಜಾತಿ ನೋಡ್, ಎಷ್ಟು, ಯಾವತ್ತಿಂದ ಯಾವತ್ತಿನ ತನಕ ಅಂತ, ಆಮೇಲೆ ಅದರ ಮೇಲೆ ಇಮೇಜ್ ಹಾಕಿ ಎಬ್ಬಿಸಿ, ಆಮೇಲೆ ಫ್ಲೋಟಿಂಗ್ ಐಪಿ (ಹೊರಗಿಂದ ತಲುಪೋ ಅಡ್ರೆಸ್) ಅಂಟಿಸಿ, ಆಗ ಸಿಸಿ ಅನ್ನೋ ಯೂಸರ್ ಹೆಸರಲ್ಲಿ ಒಳಗೆ ಹೋಗ್ಬೋದು. ಲೀಸ್ ಏಳು ದಿನಕ್ಕೆ ಸಿಗತ್ತೆ, 16 ಗಂಟೆ ಎಲ್ಲಿ ಏಳು ದಿನ ಎಲ್ಲಿ! ಮುಗಿಯೋ 48 ಗಂಟೆ ಮುಂಚೆಯಿಂದ ವಿಸ್ತರಣೆ ಮಾಡ್ಬೋದು, ಬೇರೆಯೋರು ಬುಕ್ ಮಾಡಿರಬಾರದು ಅಷ್ಟೆ. ಖಾಲಿ ಇದೆಯಾ ಅಂತ ನೋಡೋಕೆ ಹೋಸ್ಟ್ ಕ್ಯಾಲೆಂಡರ್ ಇದೆ, ಜಿಪಿಯು ಸಾಲುಗಳನ್ನ ನೋಡಿದ್ರೆ ಹಬ್ಬದ ಸೀಸನ್‌ನಲ್ಲಿ ರೈಲ್ವೆ ಬುಕಿಂಗ್ ನೆನಪಾದ್ರೆ ಆಶ್ಚರ್ಯ ಇಲ್ಲ.

ಲೆಕ್ಕ ಇಡೋದು ಎಸ್‌ಯು ಅಂತ ಯೂನಿಟ್‌ನಲ್ಲಿ, ಮಾಮೂಲಿ ನೋಡ್ ಒಂದು ಗಂಟೆಗೆ ಒಂದು ಎಸ್‌ಯು, ಜಿಪಿಯುಗೆ ಜಾಸ್ತಿ, ಶುರುವಿಗೆ ಪ್ರಾಜೆಕ್ಟ್‌ಗೆ 20,000 ಕೊಡ್ತಾರೆ. ಐದು ಮಾಮೂಲಿ ನೋಡ್ 30 ದಿನ ಬಿಡದೆ ಓಡ್ಸಿದ್ರೂ 3,600 ದಾಟಲ್ಲ, ಹಾಗಾಗಿ ಒಬ್ಬ ಸ್ಟೂಡೆಂಟ್‌ಗೆ ಧಾರಾಳ. ಒಂದೇ ಹುಷಾರು, ಲೀಸ್ ಹಿಡಿದಿಟ್ಟಿರೋ ಹೊತ್ತೆಲ್ಲ ಲೆಕ್ಕಕ್ಕೆ ಹೋಗತ್ತೆ, ನೀವು ಬಳಸಿದ್ರೂ ಅಷ್ಟೆ, ಬಿಟ್ರೂ ಅಷ್ಟೆ.

ನನ್ನ ರಾಫ್ಟ್ ಪ್ರಯೋಗದ ಅಳತೆಲಿ ಕಮೀಲಿಯನ್ ಏನೂ ಹಿಂದೆ ಬೀಳ್ಲಿಲ್ಲ, ಬೇರ್ ಮೆಟಲ್ ಬೇರ್ ಮೆಟಲ್ಲೇ. ಆದ್ರೆ ನೆಟ್‌ವರ್ಕ್ ಆಕಾರ ದಿನಕ್ಕೆ ಹತ್ತು ಸಲ ಬದಲಾಯಿಸಿ, ಮೂರು ನೋಡ್, ಐದು ನೋಡ್, ಏಳು ನೋಡ್ ಅಂತ ಆಡ್ಬೇಕಂದ್ರೆ ಕ್ಲೌಡ್‌ಲ್ಯಾಬ್ ಪ್ರೊಫೈಲ್ ಕೈಗೆ ಹಗುರ. ಒಂದೇ ಸೆಟಪ್ ಎಬ್ಬಿಸಿ ನಾಕು ದಿನ ಲೋಡ್ ಕೊಟ್ಟು ಮೆಮೊರಿ ಸೋರತ್ತಾ, ಡಿಸ್ಕ್ ತುಂಬಿದ ಮೇಲೆ ಕಂಪ್ಯಾಕ್ಷನ್ (ಹಳೇ ಡೇಟಾ ಕೂಡಿಸಿ ಜಾಗ ಉಳಿಸೋ ಕೆಲ್ಸ) ಏನಾಗತ್ತೆ ಅಂತ ನೋಡೋಕೆ ಕಮೀಲಿಯನ್‌ಗೇ ಹೋಗ್ತೀನಿ, ರಾತ್ರಿ ನೆಮ್ಮದಿಯಾಗಿ ಮಲಗ್ಬೋದು. ಇಮೇಜ್ ಉಳಿಸೋಕೆ ನೋಡ್ ಒಳಗಿಂದ್ಲೇ ಸಿಸಿ-ಸ್ನ್ಯಾಪ್‌ಶಾಟ್ ಅಂತ ಒಂದು ಕಮಾಂಡ್, ಮುಗೀತು. ಜೂಪಿಟರ್ ನೋಟ್‌ಬುಕ್ ಒಳಗೇ ಲೀಸ್ ಮಾಡೋದರಿಂದ ಗ್ರಾಫ್ ಬರೆಯೋವರೆಗೆ ಎಲ್ಲ ಬರ್ಕೊಂಡು, ಅದನ್ನ ಟ್ರೋವಿ ಅನ್ನೋ ಜಾಗದಲ್ಲಿ ಹಾಕಿದ್ರೆ ಇನ್ನೊಬ್ರು ಅದೇ ನೋಟ್‌ಬುಕ್ ಒತ್ತಿ ಓಡ್ಸ್ಬೋದು. ಪೇಪರ್ ಜೊತೆ ಆರ್ಟಿಫ್ಯಾಕ್ಟ್ (ಕೋಡ್, ಡೇಟಾ) ಕಳ್ಸೋರಿಗೆ ಇದು ದೊಡ್ಡ ಉಪಕಾರ, ರಿವ್ಯೂ ಮಾಡೋರಿಗೆ "ನಿಮ್ಮ ಮೆಷಿನ್‌ನಲ್ಲಿ ಓಡಲ್ವಾ, ನಮ್ಮಲ್ಲಿ ಓಡತ್ತಪ್ಪ" ಅಂತ ವಾದ ಮಾಡೋ ಗೋಳು ತಪ್ಪತ್ತೆ. ಈ ವಿಷಯದಲ್ಲಿ ಕ್ಲೌಡ್‌ಲ್ಯಾಬ್ ಪ್ರೊಫೈಲ್ ಲಿಂಕ್ ಕೂಡ ಚೆನ್ನಾಗೇ ನಡೆಯತ್ತೆ, ನನ್ನ ಒಲವು ಮಾತ್ರ ನೋಟ್‌ಬುಕ್ ಕಡೆಗೆ, ವಿವರಣೆ ಕೋಡ್ ಎರಡೂ ಒಂದೇ ಕಡೆ ಇರತ್ತೆ ಅಂತ.

ಬೇರ್ ಮೆಟಲ್ ಸಿಕ್ತು ಅಂದ ಮಾತ್ರಕ್ಕೆ ಎಲ್ಲ ಸರಿಹೋಯ್ತು ಅಂತಲೂ ಅಲ್ಲ. ಒಂದೇ ಮಾಡೆಲ್‌ನ ಎರಡು ಸರ್ವರ್ ಒಂದೇ ತರ ಓಡಲ್ಲ. ಯೂಟಾದೋರೇ ಕ್ಲೌಡ್‌ಲ್ಯಾಬ್‌ನ ನೂರಾರು ಸರ್ವರ್‌ಗಳ ಮೇಲೆ ತಿಂಗಳುಗಟ್ಟಲೆ ಬೆಂಚ್‌ಮಾರ್ಕ್ ಓಡ್ಸಿ 2018ರ ಓಎಸ್‌ಡಿಐ ಸಮ್ಮೇಳನದಲ್ಲಿ ಇದನ್ನೇ ತೋರ್ಸಿದ್ರು, ತಮ್ಮ ಯಂತ್ರಗಳ ಕುಂದನ್ನ ತಾವೇ ಅಳೆದು ಎಲ್ರ ಮುಂದೆ ಇಡೋ ಕ್ಲೌಡ್ ಕಂಪನಿ ಎಲ್ಲಾದ್ರೂ ಇದೆಯಾ ಹೇಳಿ. ಹಾಗಾಗಿ ಹಳೇ ಆಲ್ಗರಿದಂನ ಸೋಮವಾರ ಒಂದು ನೋಡ್ ಸೆಟ್‌ನಲ್ಲಿ, ಹೊಸದನ್ನ ಗುರುವಾರ ಇನ್ನೊಂದು ಸೆಟ್‌ನಲ್ಲಿ ಓಡ್ಸಿ ಶೇಕಡಾ ಐದು ಸುಧಾರಣೆ ಅಂತ ಬರೆದ್ರೆ ಅದು ನಂಬೋ ಮಾತಲ್ಲ. ಎರಡನ್ನೂ ಅದೇ ನೋಡ್ ಮೇಲೆ, ಒಂದಾದ್ಮೇಲೆ ಒಂದು ಅದಲುಬದಲು ಮಾಡಿ ಓಡ್ಸಿ. ಮತ್ತೆ ಅದೇ ಯಂತ್ರ ಬೇಕಂದ್ರೆ ಎರಡೂ ಟೆಸ್ಟ್‌ಬೆಡ್‌ನಲ್ಲಿ ಇಂಥದೇ ನೋಡ್ ಅಂತ ಗುರುತು ಕೊಟ್ಟು ಕೇಳ್ಬೋದು, ಇಂಥ ಸೌಲಭ್ಯ ಮಾಮೂಲಿ ಕ್ಲೌಡ್ ವಿಎಂನಲ್ಲಿ ಕನಸು.

ಟೆಸ್ಟ್‌ಬೆಡ್ ಸೋಲೋದು ದೂರದ ವಿಷಯದಲ್ಲಿ. ಒಂದು ರೆಪ್ಲಿಕಾ (ಅದೇ ಡೇಟಾದ ನಕಲು ಇರೋ ಸರ್ವರ್) ಮುಂಬೈನಲ್ಲಿ, ಒಂದು ಐರ್ಲೆಂಡ್‌ನಲ್ಲಿ, ಒಂದು ವರ್ಜೀನಿಯಾದಲ್ಲಿ ಇದ್ರೆ ಲೀಡರ್ ಎಲೆಕ್ಷನ್ (ಸರ್ವರ್‌ಗಳು ತಮ್ಮಲ್ಲೇ ಒಂದನ್ನ ಮುಂದಾಳಾಗಿ ಆರಿಸೋದು) ಏನಾಗತ್ತೆ ಅಂತ ನೋಡ್ಬೇಕಿತ್ತು. ಮುಂಬೈನಿಂದ ವರ್ಜೀನಿಯಾಗೆ ಹೋಗಿಬರೋಕೆ ಹತ್ರಹತ್ರ 200 ಮಿಲಿಸೆಕೆಂಡ್. ಕ್ಲೌಡ್‌ಲ್ಯಾಬ್ ಒಳಗೆ ನೆಟ್ಎಮ್ (ನೆಟ್‌ವರ್ಕ್‌ನ ಬೇಕಂತಲೇ ನಿಧಾನ ಮಾಡೋ ಲಿನಕ್ಸ್ ಸಾಧನ) ಹಾಕಿ 200 ಮಿಲಿಸೆಕೆಂಡ್ ಡಿಲೇ ಕೊಡ್ಬೋದು, ಕೊಟ್ಟೂ ನೋಡಿದೆ, ಆದ್ರೆ ನಿಜವಾದ ಇಂಟರ್ನೆಟ್ ದಾರಿಯ ಏರುಪೇರನ್ನ ಕೈಯಲ್ಲಿ ನಂಬರ್ ಹಾಕಿ ತರೋಕಾಗಲ್ಲ. ಅದಕ್ಕೆ ಎಡಬ್ಲ್ಯುಎಸ್ಸೇ ಸರಿ, ಸಣ್ಣ ವಿಎಂ ಸಾಕು, ಯಾಕಂದ್ರೆ 200 ಮಿಲಿಸೆಕೆಂಡ್ ಮುಂದೆ ಪಕ್ಕದೋರ ಗಲಾಟೆಯ ಮೈಕ್ರೋಸೆಕೆಂಡ್‌ಗಳು ಲೆಕ್ಕಕ್ಕೇ ಇಲ್ಲ. ಲಾಗ್ ಫೈಲ್‌ಗಳನ್ನ ಅಲ್ಲೇ ಸಣ್ಣದು ಮಾಡಿ ಆಮೇಲೆ ಕೆಳಗೆ ಇಳಿಸ್ಕೊಳ್ಳಿ, ತಿಂಗಳಿಗೆ ಮೊದಲ 100 ಜಿಬಿ ಬಿಟ್ರೆ ವರ್ಜೀನಿಯಾದಿಂದ ಹೊರಗೆ ಹೋಗೋ ಡೇಟಾಗೆ ಜಿಬಿಗೆ 9 ಸೆಂಟ್, ಮುಂಬೈ ಕಡೆ ಇನ್ನೂ ಜಾಸ್ತಿ. ಮೆಷಿನ್ ಸ್ಟಾಪ್ ಮಾಡಿದ್ರೂ ಡಿಸ್ಕ್‌ಗೆ ಬಿಲ್ ನಿಲ್ಲಲ್ಲ ಅನ್ನೋದೂ ನೆನಪಿರ್ಲಿ.

ಊರಲ್ಲಿರೋ ಗೆಳೆಯರು ಕೇಳ್ತಾರೆ, ಅಲ್ವೋ, ಬೆಂಗಳೂರಲ್ಲೇ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಇದೆಯಲ್ಲ, ಅದ್ರಲ್ಲಿ ಆಗಲ್ವಾ ಅಂತ. ಐಐಎಸ್‌ಸಿಲಿ 2022ರಲ್ಲಿ ಬಂದ 3.3 ಪೆಟಾಫ್ಲಾಪ್ಸ್ ಯಂತ್ರ ಅದು, ಹವಾಮಾನ, ಮಾಲಿಕ್ಯೂಲ್ ಸಿಮ್ಯುಲೇಶನ್ ಇಂಥದಕ್ಕೆ ಹೇಳಿ ಮಾಡ್ಸಿದ್ದು. ಜಾಬ್ ಕ್ಯೂಗೆ ಹಾಕಿ, ಸರದಿ ಬಂದಾಗ ಓಡತ್ತೆ. ಕರ್ನಲ್ ಬದಲಾಯಿಸ್ಬೇಕು, ಸರ್ವರ್ ಪದೇಪದೇ ಕ್ರಾಶ್ ಮಾಡ್ಸ್ಬೇಕು ಅನ್ನೋ ನಮ್ಮಂಥೋರಿಗೆ ಸೂಪರ್‌ಕಂಪ್ಯೂಟರ್‌ನಲ್ಲಿ ರೂಟ್ ಯಾರೂ ಕೊಡಲ್ಲ, ಕೊಡಲೂಬಾರದು. ಕ್ಲೌಡ್‌ಲ್ಯಾಬ್ ಆಗ್ಲಿ ಕಮೀಲಿಯನ್ ಆಗ್ಲಿ, ಪ್ರಾಜೆಕ್ಟ್ ತೆರೆಯೋದು ಪಿಐ, ಅಂದ್ರೆ ಸಾಮಾನ್ಯವಾಗಿ ಪ್ರೊಫೆಸರ್, ಸ್ಟೂಡೆಂಟ್ ಅದಕ್ಕೆ ಸೇರ್ಕೋಬೇಕು, ಹಾಗಾಗಿ ಊರಲ್ಲೇ ಇದ್ಕೊಂಡು ಇವನ್ನ ಬಳಸ್ಬೇಕಂದ್ರೆ, ಅಮೆರಿಕಾದ ಯಾವ್ದಾದ್ರೂ ಗುಂಪಿನ ಜೊತೆ ನಿಮ್ಮ ಗೈಡ್‌ಗೆ ಕೊಲ್ಯಾಬರೇಶನ್ ಇದ್ರೆ ಅವರ ಪ್ರಾಜೆಕ್ಟ್‌ಗೆ ನಿಮ್ಮನ್ನ ಸೇರ್ಸೋಕೆ ಕೇಳಿ, ಒಂದು ಇಮೇಲ್‌ನ ಕೆಲ್ಸ. ಸೇರಿದ್ಮೇಲೆ ಡೆಡ್‌ಲೈನ್ ವಾರಕ್ಕೆ ಕಾಯ್ಬೇಡಿ, ಓಎಸ್‌ಡಿಐ, ಎನ್‌ಎಸ್‌ಡಿಐ ಹತ್ರ ಬಂದಾಗ ಇಡೀ ಅಮೆರಿಕಾದ ಸ್ಟೂಡೆಂಟ್ಸ್ ಅದೇ ನೋಡ್‌ಗಳಿಗೆ ಬೀಳ್ತಾರೆ, ರಿಸರ್ವೇಶನ್ ಅದಕ್ಕೂ ಮೂರು ವಾರ ಮುಂಚೆ ಹಾಕಿಡಿ.