ಅಪ್‌ವರ್ಕ್: ಮಲೆನಾಡಿನಲ್ಲಿ ಕೂತು ಹೊರದೇಶದ ಪ್ರೋಗ್ರಾಮಿಂಗ್ ಕೆಲಸ ಹಿಡಿಯುವವರಿಗೆ ಇದು ಎಷ್ಟು ಲಾಭ?

ಅಪ್‌ವರ್ಕ್ ಅಂದರೆ ಗಿರಾಕಿಗಳು ಬಿಡಿ ಕೆಲಸಗಳನ್ನು ಹಾಕುವ, ಸ್ವತಂತ್ರವಾಗಿ ದುಡಿಯುವವರು ಅವಕ್ಕೆ ಅರ್ಜಿ ಹಾಕುವ ಜಾಲತಾಣ. ಅದು ಕೆಲಸ ಕೊಡಿಸುತ್ತದೆ ಅಂದುಕೊಂಡು ಖಾತೆ ತೆರೆಯುವವರೇ ಜಾಸ್ತಿ. ಅದು ನಿಜವಾಗಿ ಮಾರುವುದು ಮುಖವನ್ನೇ ನೋಡದ ಗಿರಾಕಿಯಿಂದ ದುಡ್ಡು ಬರುತ್ತದೆ ಎನ್ನುವ ಖಾತರಿಯನ್ನು. ಆ ಖಾತರಿಯ ಬೆಲೆ ಎಷ್ಟು, ಅದು ಯಾವಾಗ ಕೈಕೊಡುತ್ತದೆ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕೂತು ಬಳಸುವವರಿಗೆ ಎಲ್ಲಿ ತೊಡಕಾಗುತ್ತದೆ ಎಂದು ನೋಡೋಣ.

ಇಲಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಕಂಪನಿಗಳು ಒಂದಾಗಿ, 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಇಟ್ಟುಕೊಂಡವು. ನೂರಾರು ಜನ ಬೇಕಾಗುವ ದೊಡ್ಡ ಹೊರಗುತ್ತಿಗೆ ಬೆಂಗಳೂರಿನ ಕಂಪನಿಗಳಿಗೆ ಹೋಗುತ್ತದೆ. ಒಬ್ಬಿಬ್ಬರಿಂದ ಮುಗಿಯುವ ಚಿಲ್ಲರೆ ಕೆಲಸ ಇಲ್ಲಿಗೆ ಬರುತ್ತದೆ. ಅಡಿಕೆ ಮಂಡಿಯವರು ಹೇಗೆ ತೋಟ ಮಾಡದೆ, ಖರೀದಿದಾರನ ದುಡ್ಡಿಗೆ ಜವಾಬ್ದಾರಿ ಹೊತ್ತು ಕಮಿಷನ್ ಹಿಡಿಯುತ್ತಾರೋ ಇದೂ ಹಾಗೇ. ಆದರೆ ಇಲ್ಲಿ ಮಾಲು ತೋರಿಸುವುದಕ್ಕೂ ಮೊದಲೇ ಕಾಸು ಬಿಚ್ಚಬೇಕು.

ಆ ಕಾಸಿನ ಹೆಸರು ಕನೆಕ್ಟ್ಸ್. ಒಂದಕ್ಕೆ 15 ಸೆಂಟ್. ಕೆಲಸಕ್ಕೆ ಅರ್ಜಿ ಹಾಕುವಾಗೆಲ್ಲ ಇವು ಕರಗುತ್ತವೆ. ಒಳ್ಳೆಯ ಕೆಲಸವಾದರೆ ಒಂದು ಅರ್ಜಿಗೆ ಹದಿನೈದಿಪ್ಪತ್ತು ಹೋದರೂ ಆಶ್ಚರ್ಯವಿಲ್ಲ. ಅರ್ಜಿಯನ್ನು ಮೇಲೆ ಕಾಣಿಸಲು ಹರಾಜಿನ ಥರ ಇನ್ನಷ್ಟು ಸುರಿಯುವ ಸೌಲಭ್ಯವೂ ಇದೆ. ಹೊಸಬರು ಅದರ ತಂಟೆಗೆ ಹೋಗದಿರುವುದೇ ವಾಸಿ.

500 ಡಾಲರಿನ ಕೆಲಸವೊಂದು ಸಿಕ್ಕಿತು ಅನ್ನಿ. 2023ರ ಮೇ ತಿಂಗಳಿಂದ ಶುಲ್ಕ ಎಲ್ಲರಿಗೂ ಶೇ 10 ಇತ್ತು; 2025ರ ಮೇ ತಿಂಗಳಿಂದ ಹೊಸ ಗುತ್ತಿಗೆಗಳಿಗೆ ಸೊನ್ನೆಯಿಂದ ಶೇ 15ರವರೆಗೆ ಬದಲಾಗುತ್ತದೆ. ದರ ಎಷ್ಟೆಂದು ಒಪ್ಪಿಕೊಳ್ಳುವ ಮೊದಲೇ ತೋರಿಸುತ್ತಾರೆ, ಒಮ್ಮೆ ಗೊತ್ತಾದ ದರ ಆ ಗುತ್ತಿಗೆ ಮುಗಿಯುವವರೆಗೆ ಬದಲಾಗದು. ಶೇ 10 ಎಂದೇ ಹಿಡಿದರೆ 50 ಡಾಲರ್ ಹೋಯಿತು. ನಿಮ್ಮ ಹತ್ತಿರ ಜಿಎಸ್‌ಟಿ ಸಂಖ್ಯೆ ಇಲ್ಲದಿದ್ದರೆ ಆ 50ರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 9 ಡಾಲರ್. ಟಿಡಿಎಸ್ ಶೇ 0.1, ಅಂದರೆ 50 ಸೆಂಟ್ (2024ರ ಅಕ್ಟೋಬರಿಗೆ ಮೊದಲು ಇದು ಶೇ 1 ಇತ್ತು, ಪ್ಯಾನ್ ಕೊಡದಿದ್ದರೆ ಶೇ 5 ಕಡಿತ). ಬ್ಯಾಂಕಿಗೆ ಕಳಿಸಲು 99 ಸೆಂಟ್. ಕೈಗೆ 439 ಡಾಲರ್ 51 ಸೆಂಟ್. ಈ ಕೆಲಸ ಸಿಗುವುದಕ್ಕೆ ತಲಾ 15 ಕನೆಕ್ಟ್ಸ್‌ನ 20 ಅರ್ಜಿ ಹಾಕಿದ್ದರೆ ಅದರದ್ದೇ 45 ಡಾಲರ್. ಕೊನೆಗೆ 394 ಚಿಲ್ಲರೆ ಉಳಿಯಿತು. ಡಾಲರನ್ನು ರೂಪಾಯಿ ಮಾಡುವಾಗಲೂ ಪೇಟೆಯ ದರಕ್ಕಿಂತ ತುಸು ಕಡಿಮೆಯೇ ಬರುತ್ತದೆ. ಅಲ್ಲಿಗೆ ಜಾಹೀರಾತಿನ ಶೇ 10 ನಿಮ್ಮ ಪಾಲಿಗೆ ಶೇ 21 ಆಯಿತು. ಅದೇ ಗಿರಾಕಿಯ ಎರಡನೇ, ಮೂರನೇ ಕೆಲಸಕ್ಕೆ ಅರ್ಜಿಯ ಖರ್ಚಿಲ್ಲ. ಹಾಗಾಗಿ ದಿನಕ್ಕೊಬ್ಬ ಹೊಸ ಗಿರಾಕಿಯನ್ನು ಹುಡುಕುವವರಿಗೆ ಇಲ್ಲಿ ಗಿಟ್ಟುವುದಿಲ್ಲ. ಮೂರು ಜನರನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವವರಿಗೆ ಗಿಟ್ಟುತ್ತದೆ.

ಖಾತೆ ತೆರೆಯುವಾಗ ನಮ್ಮ ಕಡೆಯವರಿಗೆ ಮೊದಲ ಕಗ್ಗಂಟು ಇನಿಷಿಯಲ್. ಮಾರ್ಕ್ಸ್‌ಕಾರ್ಡಿನಲ್ಲಿ ಒಂದು ಬಗೆ, ಆಧಾರಿನಲ್ಲಿ ಇನ್ನೊಂದು, ಪ್ಯಾನಿನಲ್ಲಿ ಊರ ಹೆಸರು ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದದ್ದು. ಗುರುತಿನ ಚೀಟಿ, ಪ್ಯಾನ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ತಾಳೆಯಾಗದಿದ್ದರೆ ಗುರುತು ಪರಿಶೀಲನೆ ನಿಂತುಬಿಡುತ್ತದೆ, ಒಮ್ಮೊಮ್ಮೆ ದುಡಿದ ದುಡ್ಡು ಒಳಗಿರುವಾಗಲೇ. ಅದಕ್ಕೆ ಹೆಸರನ್ನು ಮೊದಲೇ ಒಂದೇ ಥರ ಮಾಡಿಸಿಕೊಂಡು ಆಮೇಲೆ ಖಾತೆ ತೆರೆಯಿರಿ. ತೆರಿಗೆ ಪುಟದಲ್ಲಿ ಡಬ್ಲ್ಯೂ-8 ಬೆನ್ ನಮೂನೆ ತುಂಬಬೇಕು. ನೀವು ಅಮೆರಿಕದವರಲ್ಲ ಎಂಬ ಘೋಷಣೆ ಅದು.

ಗಂಟೆ ಲೆಕ್ಕದ ಕೆಲಸ, ಇಡಿಗುತ್ತಿಗೆ ಎಂದು ಎರಡು ಬಗೆಯಿದೆ. ಖಾತರಿ ಗಟ್ಟಿಯಾಗಿರುವುದು ಗಂಟೆ ಲೆಕ್ಕದಲ್ಲಿ. ಕಂಪ್ಯೂಟರಿನಲ್ಲಿ ಅಪ್‌ವರ್ಕಿನ ಟ್ರ್ಯಾಕರ್ (ದುಡಿದ ಗಂಟೆ ಎಣಿಸುವ ತಂತ್ರಾಂಶ) ಹಾಕಿಕೊಂಡರೆ ಪ್ರತಿ 10 ನಿಮಿಷದ ಅವಧಿಯಲ್ಲಿ ಯಾವಾಗಲೋ ಒಮ್ಮೆ ಪರದೆಯ ಚಿತ್ರ ತೆಗೆಯುತ್ತದೆ, ಕೀಲಿಮಣೆ ಮತ್ತು ಮೌಸ್ ಎಷ್ಟು ಓಡಾಡಿತು ಎಂದು ಎಣಿಸುತ್ತದೆ. ಗಿರಾಕಿಯ ಪಾವತಿ ವಿಧಾನ ಪರಿಶೀಲನೆಯಾಗಿರಬೇಕು, ಚಿತ್ರದಲ್ಲಿ ಕಾಣುವುದು ಅವರದೇ ಕೆಲಸವಾಗಿರಬೇಕು, ಏನು ಮಾಡುತ್ತಿದ್ದೀರಿ ಎಂಬ ಟಿಪ್ಪಣಿ ಇರಬೇಕು, ಗುತ್ತಿಗೆಯಲ್ಲಿ ಗೊತ್ತುಮಾಡಿದ ವಾರದ ಗಂಟೆಗಳ ಮಿತಿ ದಾಟಿರಬಾರದು. ಇಷ್ಟಿದ್ದರೆ ಗಿರಾಕಿ ತಕರಾರು ತೆಗೆದರೂ ದುಡ್ಡು ಬರುತ್ತದೆ. ಟ್ರ್ಯಾಕರ್ ಮರೆತು ಆಮೇಲೆ ಕೈಯಾರೆ ಸೇರಿಸಿದ ಗಂಟೆಗಳಿಗೆ ಈ ರಕ್ಷಣೆ ಇಲ್ಲ. ನಡುವೆ ನೆಟ್‌ಬ್ಯಾಂಕಿಂಗ್ ತೆರೆದಾಗ ಚಿತ್ರ ಬಿದ್ದರೆ ಅಳಿಸಬಹುದು, ಆದರೆ ಆ 10 ನಿಮಿಷದ ಕೂಲಿಯೂ ಅದರ ಜೊತೆ ಹೋಗುತ್ತದೆ.

ವಾರದ ಲೆಕ್ಕ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ್ದು. ನಮಗೆ ಸೋಮವಾರ ಬೆಳಗಿನ ಜಾವ 5:30ಕ್ಕೆ ಹೊಸ ವಾರ. ಭಾನುವಾರ ರಾತ್ರಿ ನಿದ್ದೆಗೆಟ್ಟು ದುಡಿದದ್ದೆಲ್ಲ ಹಳೆ ವಾರಕ್ಕೇ ಜಮೆ. ಮಿತಿ ಅಷ್ಟರಲ್ಲೇ ಮುಗಿದಿದ್ದರೆ ಆ ದುಡಿಮೆಗೆ ಬಿಲ್ ಆಗುವುದಿಲ್ಲ. ವಾರ ಮುಗಿದ 10 ದಿನಕ್ಕೆ, ಬುಧವಾರದ ಹೊತ್ತಿಗೆ, ದುಡ್ಡು ತೆಗೆಯಲು ಸಿಗುತ್ತದೆ.

ಇಡಿಗುತ್ತಿಗೆಯಲ್ಲಿ ಗಿರಾಕಿ ಹಂತಹಂತವಾಗಿ ಮೊತ್ತವನ್ನು ಠೇವಣಿ ಇಡುತ್ತಾನೆ. ಠೇವಣಿ ಬಿದ್ದಿದೆ ಎಂದು ಪುಟದಲ್ಲಿ ಕಾಣುವ ತನಕ ಒಂದು ಸಾಲು ಕೋಡನ್ನೂ ಬರೆಯಬಾರದು. ಕೆಲಸ ಮುಗಿಸಿ ಪಾವತಿಗೆ ಸಲ್ಲಿಸಿದ ದಿನದಿಂದ ಗಿರಾಕಿಗೆ 14 ದಿನ ಸಮಯ. ಅವನು ಸುಮ್ಮನಿದ್ದರೆ ತಾನಾಗಿ ಬಿಡುಗಡೆಯಾಗುತ್ತದೆ, ಅದಾದ ಮೇಲೆ 5 ದಿನ ತಡೆ. ಬಹಳ ಜನ ಎಡವುವುದು ಇಲ್ಲೇ. ಕಡತವನ್ನು ಸಂದೇಶದಲ್ಲಿ ಕಳಿಸಿ ಕಾಯುತ್ತಾರೆ, ಸಲ್ಲಿಸುವ ಗುಂಡಿ ಒತ್ತಿರುವುದಿಲ್ಲ. 14 ದಿನದ ಲೆಕ್ಕ ಶುರುವೇ ಆಗಿರುವುದಿಲ್ಲ. ‘ಸಣ್ಣದೊಂದು ಬದಲಾವಣೆ’ ಎನ್ನುವುದು ಇನ್ನೊಂದು ಕಾಟ. ಯಾವ ಪುಟ, ಯಾವ ಬಟನ್, ಯಾವ ಬ್ರೌಸರ್, ಯಾವ ಪರೀಕ್ಷೆ ಪಾಸಾದರೆ ಕೆಲಸ ಮುಗಿದಂತೆ ಎಂದು ಹಂತದ ವಿವರಣೆಯಲ್ಲೇ ಬರೆದಿಡಿ, ಅದರಾಚೆಯದ್ದಕ್ಕೆ ಹೊಸ ಹಂತ, ಹೊಸ ಠೇವಣಿ. ಇಲ್ಲದಿದ್ದರೆ 300 ಡಾಲರಿನ ಕೆಲಸ ಮಳೆಗಾಲ ಮುಗಿದರೂ ಮುಗಿಯುವುದಿಲ್ಲ.

ಮಳೆಗಾಲ ಅಂದಕೂಡಲೇ ಕರೆಂಟು, ಫೈಬರ್. ಟ್ರ್ಯಾಕರ್ ನಂಬಿ ದುಡಿಯುವವರಿಗೆ ಇದು ನೇರ ಸಂಬಳದ ಪ್ರಶ್ನೆ. 150 ಎಎಚ್ ಬ್ಯಾಟರಿಯ ಇನ್ವರ್ಟರಿಗೆ 60 ವ್ಯಾಟಿನ ಲ್ಯಾಪ್‌ಟಾಪು, 20 ವ್ಯಾಟಿನ ಮೋಡೆಮ್ ಮಾತ್ರ ಹಾಕಿದರೆ, ಬ್ಯಾಟರಿ ಹೊಸದಿದ್ದಾಗ, ಹತ್ತು ಹನ್ನೆರಡು ಗಂಟೆ ನಿಶ್ಚಿಂತೆ. ಒಂದು ಫ್ಯಾನ್ ಸೇರಿದರೆ ಅದು ಅರ್ಧವಾಗುತ್ತದೆ. ಆದರೆ ಮನೆಯಲ್ಲಿ ಕರೆಂಟಿದ್ದರೆ ಸಾಲದು. ನಮ್ಮಲ್ಲಿ ಫೈಬರ್ ಎಳೆದಿರುವುದು ಬಹುಪಾಲು ಕಂಬದಿಂದ ಕಂಬಕ್ಕೆ. ಮರ ಬಿದ್ದರೆ ಮೆಸ್ಕಾಂ ತಂತಿಯ ಜೊತೆ ಅದೂ ಹೋಗುತ್ತದೆ. ಊರಿನ ಎಕ್ಸ್‌ಚೇಂಜಿನಲ್ಲಿ ಬ್ಯಾಕಪ್ ಮುಗಿದರೆ ಮನೆಯ ಇನ್ವರ್ಟರ್ ಏನು ಮಾಡೀತು? ಮೋಡೆಮ್ಮಿನಲ್ಲಿ ಕೆಂಪು ‘ಲಾಸ್’ ದೀಪ ಉರಿದರೆ ಬೆಳಕೇ ಬರುತ್ತಿಲ್ಲ ಎಂದರ್ಥ, ರೂಟರ್ ಆಫ್-ಆನ್ ಮಾಡಿ ಪ್ರಯೋಜನವಿಲ್ಲ. ದೀಪ ಸರಿಯಿದ್ದೂ ಪದೇಪದೇ ಕಡಿತವಾದರೆ ಮೋಡೆಮ್ಮಿನ ಪುಟದಲ್ಲಿ ಆರ್‌ಎಕ್ಸ್ ಪವರ್, ಅಂದರೆ ಫೈಬರಿನಲ್ಲಿ ಬಂದು ತಲುಪುತ್ತಿರುವ ಬೆಳಕಿನ ಬಲ, ನೋಡಿ: ಮೈನಸ್ 27 ಡಿಬಿಎಂ ಹತ್ತಿರವಿದ್ದರೆ ಎಲ್ಲೋ ಜೋಡಣೆ ಕೆಟ್ಟಿದೆ ಅಥವಾ ಕೇಬಲ್ ಮಡಚಿಕೊಂಡಿದೆ. ಲೈನ್‌ಮ್ಯಾನಿಗೆ ಈ ಅಂಕಿ ಹೇಳಿದರೆ ಅರ್ಧ ಕೆಲಸ ಆದಂತೆ. ಬದಲಿಗೆ ಮೊಬೈಲ್ ಡೇಟಾ ಇಟ್ಟುಕೊಳ್ಳುವವರು ಫೈಬರ್ ಕೊಟ್ಟವರನ್ನು ಬಿಟ್ಟು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಬೇಕು.

ಇದಕ್ಕಿಂತ ಒಳ್ಳೆಯ ಉಪಾಯ, ಕೋಡ್ ಓಡುವ ಯಂತ್ರವನ್ನೇ ಮನೆಯಿಂದ ಹೊರಗಿಡುವುದು. ಮುಂಬೈ ಡೇಟಾ ಕೇಂದ್ರದಲ್ಲಿ ಒಂದು ಬಾಡಿಗೆ ಸರ್ವರ್, ಅದರಲ್ಲಿ ಟಿಮಕ್ಸ್ (ಸಂಪರ್ಕ ಕಡಿದರೂ ಸರ್ವರಿನಲ್ಲಿ ಕೆಲಸವನ್ನು ಜೀವಂತವಾಗಿಡುವ ತಂತ್ರಾಂಶ), ಮನೆಯಿಂದ ಅದಕ್ಕೆ ಮಾಶ್ (ನೆಟ್ ಹೋಗಿ ಬಂದಾಗ ತಾನೇ ಮತ್ತೆ ಜೋಡಿಸಿಕೊಳ್ಳುವ ತಂತ್ರಾಂಶ) ಮೂಲಕ ಸಂಪರ್ಕ. ನೆಟ್ ಹೋಗಿ ಬಂದರೂ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಪ್ರೋಗ್ರಾಂ ಓಡಿಸಲು ಇಳಿಸಿಕೊಳ್ಳುವ ಜಿಬಿಗಟ್ಟಲೆ ಡಾಕರ್ ಇಮೇಜುಗಳು ನಿಮ್ಮ ಸಿಮ್‌ನ ಡೇಟಾ ನುಂಗುವುದಿಲ್ಲ.

ಯಾವ ದೇಶದ ಗಿರಾಕಿ ಬೇಕು ಎನ್ನುವುದನ್ನೂ ಹಗಲು ರಾತ್ರಿ ನೋಡಿಯೇ ತೀರ್ಮಾನಿಸಬೇಕು. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9 ನಮಗೆ ಬೇಸಿಗೆಯಲ್ಲಿ ರಾತ್ರಿ 9:30, ಚಳಿಗಾಲದಲ್ಲಿ 10:30. ಜರ್ಮನಿಯ ಬೆಳಿಗ್ಗೆ 9 ನಮಗೆ ಮಧ್ಯಾಹ್ನ 12:30 ಅಥವಾ 1:30. ಆಷಾಢದ ನಡುರಾತ್ರಿ ಲೈನ್ ಹೋದರೆ ಬೆಳಗಾಗುವ ತನಕ ಯಾರೂ ಬರುವುದಿಲ್ಲ. ಇಲ್ಲಿಂದ ಕೆಲಸ ಮಾಡುವವರಿಗೆ ಯುರೋಪೇ ಸೈ. ಅವರು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಬದಲಿಸುತ್ತಾರೆ. ಮರುದಿನದ ಮೀಟಿಂಗ್ ತಪ್ಪಿಸಿಕೊಳ್ಳಬೇಡಿ.

ಮೋಸಗಳಲ್ಲಿ ಮೂರನ್ನು ಹೇಳಲೇಬೇಕು. ತಿಂಗಳಿಗೆ ಇಷ್ಟು ಕೊಡುತ್ತೇವೆ, ನಿಮ್ಮ ಖಾತೆ ಬಾಡಿಗೆಗೆ ಕೊಡಿ, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಎನಿಡೆಸ್ಕ್ ಹಾಕಿಡಿ ಎನ್ನುವವರು ಮೊದಲನೆಯವರು. ಈಗಷ್ಟೇ ಬಿಇ ಮುಗಿಸಿದ ಹುಡುಗರು ಇದಕ್ಕೆ ಬೇಗ ಬೀಳುತ್ತಾರೆ. ಖಾತೆ ರದ್ದಾಗುವುದಷ್ಟೇ ಅಲ್ಲ, ಏನೇ ಅಪರಾಧ ನಡೆದರೂ ಅದಕ್ಕೆ ಅಂಟಿರುವುದು ನಿಮ್ಮ ಗುರುತಿನ ಚೀಟಿ. ಎರಡನೆಯದು, ಗುತ್ತಿಗೆಗೆ ಮೊದಲೇ ಟೆಲಿಗ್ರಾಮಿಗೆ ಬನ್ನಿ ಎಂದು ಕರೆಯುವವರು. ಮೂರನೆಯದು ನಾಜೂಕಿನದು: ‘ಪರೀಕ್ಷೆಗೆಂದು ಈ ರೆಪೊಸಿಟರಿ ಓಡಿಸಿ ನೋಡಿ’ ಎನ್ನುತ್ತಾರೆ, ಆ ಕೋಡಿಗೆ ಬೇಕಾದ ಪ್ಯಾಕೇಜುಗಳನ್ನು ತರಿಸುವ ಎನ್‌ಪಿಎಂ ಇನ್‌ಸ್ಟಾಲ್ ಆದೇಶ ಕೊಟ್ಟ ಕೂಡಲೇ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳೆಲ್ಲ ಕಳ್ಳರ ಪಾಲು. ಅಪರಿಚಿತರ ಕೋಡನ್ನು ಏನೂ ಇಟ್ಟಿರದ ವರ್ಚುವಲ್ ಯಂತ್ರದಲ್ಲಷ್ಟೇ ಓಡಿಸಬೇಕು.

ಪರ್ಯಾಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೈವರ್ ಶೇ 20 ಹಿಡಿಯುತ್ತದೆ, ಅರ್ಜಿಯ ಖರ್ಚಿಲ್ಲ. ಲೋಗೊ, ಸಣ್ಣ ಸ್ಕ್ರಿಪ್ಟಿನಂಥ ಸಿದ್ಧ ಸರಕಿಗೆ ಸರಿ, ತಿಂಗಳುಗಟ್ಟಲೆ ನಡೆಯುವ ಪ್ರೋಗ್ರಾಮಿಂಗಿಗೆ ಅಲ್ಲ. ವರ್ಡ್‌ಪ್ರೆಸ್ ಪುಟ ಮಾಡಿಕೊಡುವುದು, ಜಾಲತಾಣಗಳಿಂದ ಮಾಹಿತಿ ಹೆಕ್ಕಿ ಕೊಡುವುದು ಮುಂತಾದ ಸುಲಭ ಕೆಲಸಗಳಿಗೆ ಎಐ ಬಂದಮೇಲೆ ಎಲ್ಲೆಡೆ ಬೆಲೆ ಬಿದ್ದಿದೆ. ಹಳೆಯ ಡೇಟಾಬೇಸನ್ನು ಹೊಸದಕ್ಕೆ ಸಾಗಿಸುವುದು, ಪಾವತಿ ವ್ಯವಸ್ಥೆ ಜೋಡಿಸುವುದು, ಬೇರೆಯವರು ಅರ್ಧಕ್ಕೆ ಬಿಟ್ಟ ಕೋಡ್ ಸರಿಮಾಡುವುದು, ಇವುಗಳಿಗೆ ಬೆಲೆ ಉಳಿದಿದೆ. ಎರಡು ವರ್ಷವಾದರೂ ನಿಜವಾದ ಕೆಲಸ ಮಾಡಿರದ ಫ್ರೆಶರ್‌ಗಳು ಇಲ್ಲಿ ಕನೆಕ್ಟ್ಸ್‌ಗೆ ದುಡ್ಡು ಸುರಿಯುವುದು ಬೇಡ.

ಒಳ್ಳೆಯ ಗಿರಾಕಿ ಸಿಕ್ಕ ಮೇಲೆ ನೇರವಾಗಿ ವ್ಯವಹರಿಸೋಣ ಅನ್ನಿಸುವುದು ಸಹಜ. ಪರಿಚಯವಾದ ದಿನದಿಂದ 24 ತಿಂಗಳು ಪಾವತಿ ಅಪ್‌ವರ್ಕ್ ಮೂಲಕವೇ ಆಗಬೇಕೆಂಬುದು ಷರತ್ತು. ಅಷ್ಟರೊಳಗೆ ಹೊರಗೆ ಹೋಗಬೇಕಾದರೆ ಪ್ರತ್ಯೇಕ ಶುಲ್ಕ ಕಟ್ಟಬೇಕು. ಅವಧಿ ಕಳೆದ ಮೇಲೆ ಇನ್‌ವಾಯ್ಸ್ ಹಾಕಿ, ದೇಶದಿಂದ ದೇಶಕ್ಕೆ ಬ್ಯಾಂಕುಗಳು ದುಡ್ಡು ಕಳಿಸುವ ಸ್ವಿಫ್ಟ್ ಜಾಲದ ಮೂಲಕ ತರಿಸಿಕೊಳ್ಳಬಹುದು. ಸಣ್ಣ ಊರಿನ ಶಾಖೆಗಳು ವಿದೇಶಿ ವಿನಿಮಯ ನೋಡಿಕೊಳ್ಳುವುದಿಲ್ಲ, ದುಡ್ಡು ಬೇರೆ ಶಾಖೆಯಲ್ಲಿ ಕೂತಿರುತ್ತದೆ. ಬಂದ ದುಡ್ಡು ಯಾತಕ್ಕೆ, ಎಲ್ಲಿಗೆ ಜಮೆಯಾಗಬೇಕು ಎಂದು ತಿಳಿಸಲು ಬ್ಯಾಂಕಿನವರು ಕೇಳುವ ಪತ್ರದಲ್ಲಿ (ಡಿಸ್ಪೋಸಲ್ ಇನ್‌ಸ್ಟ್ರಕ್ಷನ್) ಸಾಫ್ಟ್‌ವೇರ್ ಸಲಹೆ, ಅನುಷ್ಠಾನಕ್ಕೆ ಪಿ0802 ಎಂಬ ಉದ್ದೇಶ ಸಂಕೇತ ಬರೆದು ಕೊಟ್ಟರೆ ಜಮೆಯಾಗುತ್ತದೆ. ಜೊತೆಗೇ ವಿದೇಶಿ ಜಮೆಯ ಪ್ರಮಾಣಪತ್ರ ಕೇಳಿ ಇಸಿದುಕೊಳ್ಳಿ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿ ಜಿಎಸ್‌ಟಿ ನೋಂದಣಿಗೆ ಬಂದಾಗ, ಇದು ರಫ್ತು ಎಂದು ತೋರಿಸಲು ಆ ಕಾಗದವೇ ಬೇಕು. ತೆರಿಗೆ ಕಟ್ಟದೆ ರಫ್ತು ಮಾಡಲು ಆರ್‌ಎಫ್‌ಡಿ-11 ನಮೂನೆಯಲ್ಲಿ ಮುಚ್ಚಳಿಕೆಯನ್ನೂ (ಎಲ್‌ಯುಟಿ) ಪ್ರತಿ ಆರ್ಥಿಕ ವರ್ಷ ಹೊಸದಾಗಿ ಸಲ್ಲಿಸಬೇಕು. ಏಪ್ರಿಲ್‌ನ ಮೊದಲ ಇನ್‌ವಾಯ್ಸಿಗೂ ಮುಂಚೆ.