ಸಾಂಪ್ರದಾಯಿಕ ಕ್ಷೌರದ ಕತ್ತಿಯೋ, ಬ್ಲೇಡ್ ಸಿಕ್ಕಿಸುವ ಶಾವೆಟ್ಟೋ: ಹೊಸದಾಗಿ ಕಲಿಯುವವರಿಗೊಂದು ಹೋಲಿಕೆ

ತೆರೆದ ಅಲಗಿನಿಂದ ತಾವೇ ಗಡ್ಡ ಬೋಳಿಸಿಕೊಳ್ಳಲು ಕಲಿಯಬೇಕೆನ್ನುವವರ ಮುಂದೆ ಎರಡು ಸಾಧನಗಳಿವೆ. ಒಂದು, ಅಲಗು ಒಂದೇ ಉಕ್ಕಿನ ತುಂಡಾಗಿರುವ, ಚರ್ಮದ ಪಟ್ಟಿಗೆ ತೀಡಿ ಹದವಾಗಿಟ್ಟುಕೊಳ್ಳಬೇಕಾದ ಸಾಂಪ್ರದಾಯಿಕ ಕತ್ತಿ. ಇನ್ನೊಂದು, ಅದೇ ಆಕಾರದ ಹಿಡಿಗೆ ಸಾಮಾನ್ಯ ಬ್ಲೇಡನ್ನು ಅರ್ಧಕ್ಕೆ ಮುರಿದು ಸಿಕ್ಕಿಸುವ ಶಾವೆಟ್. ಎರಡನ್ನೂ ಸಾಕಷ್ಟು ಕಾಲ ಬಳಸಿ ನೋಡಿದ ಮೇಲೆ, ಹೊಸಬರಿಗೆ ಶಾವೆಟ್ಟೇ ಸುಲಭ ಎಂಬ ಸಲಹೆಯನ್ನು ನಾನು ಒಪ್ಪಲಾರೆ.

ಆ ಸಲಹೆಗೆ ಕಾರಣವಿಲ್ಲದಿಲ್ಲ. ಶಾವೆಟ್ ಅಗ್ಗ, ಅದಕ್ಕೆ ಪಟ್ಟಿಯೂ ಬೇಡ, ಸಾಣೆಕಲ್ಲೂ ಬೇಡ. ಆದರೆ ಈ ಅನುಕೂಲಗಳೆಲ್ಲ ಕೆನ್ನೆಗೆ ಅಲಗು ತಾಗುವ ಮೊದಲಿನವು. ತಾಗಿದ ಮೇಲಿನ ಕಥೆ ಬೇರೆ. ಶಾವೆಟ್ಟಿನ ಬ್ಲೇಡ್ ಅತಿ ಹರಿತ, ಹಿಡಿ ಹಗುರ; ಹಗುರವಾದದ್ದನ್ನು ಕೈ ತನಗರಿವಿಲ್ಲದೆಯೇ ಒತ್ತುತ್ತದೆ. ಚರ್ಮಕ್ಕೂ ಅಲಗಿಗೂ ನಡುವೆ ಇರಬೇಕಾದ ಸುಮಾರು 30 ಡಿಗ್ರಿ ಕೋನ ತುಸು ಹೆಚ್ಚಾದರೂ ಮುನ್ಸೂಚನೆಯಿಲ್ಲದೆ ಗೆರೆ ಮೂಡಿ ರಕ್ತ ಜಿನುಗುತ್ತದೆ. ಹಿಡಿಯ ತುದಿ ಬ್ಲೇಡಿನ ಮೂಲೆಯನ್ನು ಮುಚ್ಚದಿದ್ದರಂತೂ ಕಿವಿಯ ಬುಡದಲ್ಲಿ ಇನ್ನಷ್ಟು ಎಚ್ಚರ ಬೇಕು.

ಸಾಂಪ್ರದಾಯಿಕ ಕತ್ತಿ ಇಷ್ಟು ನಿಷ್ಠುರವಲ್ಲ. ಇಂಚಿನ ಎಂಟು ಭಾಗಗಳಲ್ಲಿ ಐದು ಅಥವಾ ಆರು, ಅಂದರೆ ಸುಮಾರು 16ರಿಂದ 19 ಮಿಲಿಮೀಟರ್ ಅಗಲದ, ಬದಿಗಳು ಒಳಕ್ಕೆ ತಗ್ಗಾಗುವಂತೆ ಅರೆದ ತೆಳು ಅಲಗಿಗೆ ದಪ್ಪ ಬೆನ್ನಿರುತ್ತದೆ. ಆ ಬೆನ್ನಿನ ಭಾರವೇ ಕೆಲಸ ಮಾಡುವುದರಿಂದ ಕೈ ಒತ್ತಬೇಕಾಗಿಲ್ಲ, ದಾರಿ ತೋರಿಸಿದರೆ ಸಾಕು. ಕೋನ ಸರಿಯಿದ್ದಾಗ ಕೂದಲು ತುಂಡಾಗುವ ಸಣ್ಣ ಚರಚರ ಸದ್ದು ತೆಳು ಉಕ್ಕಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಕೋನ ತಪ್ಪಿದರೆ ಸದ್ದು ಬದಲಾಗಿ ಅಲಗು ಕೆರೆಯತೊಡಗುತ್ತದೆ, ಕೈಯನ್ನು ತಿದ್ದಿಕೊಳ್ಳಲು ಸಾಮಾನ್ಯವಾಗಿ ಒಂದು ಕ್ಷಣ ಸಿಗುತ್ತದೆ. ಕಲಿಯುವವರಿಗೆ ಬೇಕಾದದ್ದು ಈ ಒಂದು ಕ್ಷಣವೇ. ಕೊಳ್ಳುವಾಗ ಚೂಪು ಮೂಲೆಯದನ್ನು ಬಿಟ್ಟು ದುಂಡು ತುದಿಯದನ್ನೇ ಆರಿಸಿಕೊಳ್ಳಬೇಕು.

ಇದರ ಬೆಲೆಯನ್ನು ತೆರಬೇಕಾದದ್ದು ಪಟ್ಟಿಯ ಮುಂದೆ. ಪ್ರತಿ ಕ್ಷೌರಕ್ಕೂ ಮೊದಲು ಅಲಗನ್ನು ಚರ್ಮದ ಮೇಲೆ ತೀಡಬೇಕು. ಬೆನ್ನು ಮುಂದಾಗಿ, ಹರಿತವಾದ ಅಂಚು ಹಿಂದಾಗಿ ಸಾಗಬೇಕು, ಕೊನೆಗೆ ಬಂದಾಗ ಬೆನ್ನಿನ ಮೇಲೆಯೇ ಹೊರಳಿಸಬೇಕು. ಅಂಚಿನ ಮೇಲೆ ಹೊರಳಿಸಿದರೆ ಪಟ್ಟಿಯೂ ಹರಿಯುತ್ತದೆ, ಹರಿತವೂ ಹೋಗುತ್ತದೆ. ಪಟ್ಟಿ ಜೋತು ಬಿದ್ದಿದ್ದರೆ ಅಂಚು ದುಂಡಗಾಗಿ ಕತ್ತಿ ಮೊಂಡಾಗುತ್ತದೆ. ಕಾರ್ಬನ್ ಉಕ್ಕಿನದಾದರೆ ಒರೆಸಿ ಒಣಗಿಸದೆ ಇಡುವಂತಿಲ್ಲ, ತುಕ್ಕು ಕಾದಿರುತ್ತದೆ. ಇಷ್ಟೆಲ್ಲ ಮಾಡಿದರೂ ಒಂದು ದಿನ ಸಾಣೆಕಲ್ಲು ಬೇಕೇ ಬೇಕು, ಆದರೆ ಬೆನ್ನು ಮತ್ತು ಅಂಚು ಎರಡೂ ಕಲ್ಲಿಗೆ ತಾಗಿ ಕೂರುವುದರಿಂದ ಕೋನ ತಾನಾಗಿಯೇ ಒದಗುತ್ತದೆ ಎಂಬುದು ಸಮಾಧಾನದ ಸಂಗತಿ.

ಶಾವೆಟ್ಟಿನ ನಿಜವಾದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಹೊಸ ಬ್ಲೇಡ್ ಹಾಕಿದಾಗಲೆಲ್ಲ ಹರಿತ ಒಂದೇ ಆಗಿರುವುದರಿಂದ ಉರಿಯೋ ಗಾಯವೋ ಆದರೆ ತಪ್ಪು ಕೈಯದೋ ನೊರೆಯದೋ ಎಂದು ಹುಡುಕಬಹುದು, ಕತ್ತಿಯನ್ನು ಶಂಕಿಸಬೇಕಾಗಿಲ್ಲ. ಸಾಂಪ್ರದಾಯಿಕ ಕತ್ತಿ ಎಳೆಯತೊಡಗಿದಾಗ ಅದು ಮೊಂಡಾಗಿದೆಯೋ ಕೋನವೇ ತಪ್ಪಿದೆಯೋ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಆದ್ದರಿಂದ ಮೊದಲ ಕತ್ತಿಯನ್ನು ಬಲ್ಲವರಿಂದ ಸಾಣೆ ಹಿಡಿಸಿಯೇ ಪಡೆಯಬೇಕು. ಹೊಸದೆಂದ ಮಾತ್ರಕ್ಕೆ ಅದು ಕ್ಷೌರಕ್ಕೆ ಸಿದ್ಧವಾಗಿರುತ್ತದೆಂದು ನಂಬುವಂತಿಲ್ಲ. ಒಬ್ಬರಿಗಿಂತ ಹೆಚ್ಚು ಮಂದಿಗೆ ಕ್ಷೌರ ಮಾಡುವಲ್ಲಿ ಮಾತ್ರ ಆಯ್ಕೆಯ ಪ್ರಶ್ನೆಯೇ ಇಲ್ಲ: ಪ್ರತಿಯೊಬ್ಬರಿಗೂ ಬ್ಲೇಡ್ ಬದಲಿಸಿ ಹಳೆಯದನ್ನು ಎಸೆಯಬಹುದಾದ ಶಾವೆಟ್ಟೇ ಸರಿ.

ಯಾವುದನ್ನೇ ಹಿಡಿದರೂ ಚರ್ಮವನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಎಳೆದು, ಕೂದಲು ಬೆಳೆಯುವ ದಿಕ್ಕಿನಲ್ಲಿಯೇ ಆರಂಭಿಸಬೇಕು. ಮೊದಮೊದಲು ಕೆನ್ನೆಗಳಿಗಷ್ಟೇ ಕತ್ತಿ ಬಳಸಿ, ಉಳಿದದ್ದನ್ನು ರೂಢಿಯ ರೇಜರಿನಿಂದ ಮುಗಿಸುವುದು ಒಳ್ಳೆಯದು. ಗದ್ದದ ಉಬ್ಬಿಗೆ ಕೈ ಪಳಗಿದ ಮೇಲೆ ಹೋಗಬಹುದು. ಮೂಗಿನ ಕೆಳಗಿನ ಇಕ್ಕಟ್ಟಿನಲ್ಲಿ ಮತ್ತು ಮೀಸೆಯ ಅಂಚನ್ನು ನೇರವಾಗಿ ತಿದ್ದುವಲ್ಲಿ ಮಾತ್ರ ಗಿಡ್ಡ ಬ್ಲೇಡಿನ ಶಾವೆಟ್ಟೇ ಮೇಲು. ನಾನು ಕೆನ್ನೆ ಕುತ್ತಿಗೆಗಳನ್ನು ಕತ್ತಿಯಿಂದ ಮುಗಿಸಿ, ಆ ಒಂದು ಕೆಲಸಕ್ಕೆ ಶಾವೆಟ್ಟನ್ನು ಈಗಲೂ ಬಳಸುತ್ತೇನೆ.