ಕಾರು ಕೊಡುವ ಮುಂಚೆ: ಸ್ಟೀರಿಂಗ್ ಕೊನೆಗೆ ಯಾರ ಕೈ ಸೇರುತ್ತೆ?

"ಫುಲ್ ಇನ್ಶೂರೆನ್ಸ್ ಇದೆ ಬಿಡು" ಅಂತ ಕಾರಿನ ಕೀ ಕೊಡುವವರು ದಯವಿಟ್ಟು ಇದನ್ನು ಓದಿ. ಫುಲ್ ಇನ್ಶೂರೆನ್ಸ್ ಇದ್ದೂ ಗ್ಯಾರೇಜ್ ಬಿಲ್ಲನ್ನು ನಾನು ಕೈಯಿಂದ ಕಟ್ಟಿದ್ದೇನೆ. ಈಗ ಕೋರ್ಟಿಗೂ ಅಲೆಯುತ್ತಿದ್ದೇನೆ. ಅಪಘಾತ ಆದಾಗ ನಾನು ಆ ಕಾರಿನಲ್ಲೇ ಇರಲಿಲ್ಲ.

ಗೆಳೆಯನೊಬ್ಬ ತಿಪಟೂರಿನ ಮದುವೆಗೆ ಅಂತ ಕಾರು ಕೇಳಿದ. ಚೆನ್ನಾಗಿ ಓಡಿಸುತ್ತಾನೆ, ಲೈಸೆನ್ಸೂ ಸರಿಯಾಗಿದೆ. ಅದರ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡೇ ಕೀ ಕೊಟ್ಟೆ. ವಾಪಸ್ ಬರುವಾಗ ಅವನಿಗೆ ನಿದ್ದೆ ಎಳೆಯಿತಂತೆ. ಸ್ಟೀರಿಂಗನ್ನು ಭಾವಮೈದುನನಿಗೆ ಕೊಟ್ಟು ಪಕ್ಕದಲ್ಲಿ ಮಲಗಿದ. ಗುಬ್ಬಿ ಹತ್ತಿರ ಅಡ್ಡರಸ್ತೆಯಿಂದ ಬಂದ ಬೈಕಿಗೆ ಆ ಹುಡುಗ ಗುದ್ದಿದ. ಬೈಕಿನವರ ಕಾಲು ಮುರಿಯಿತು, ಜೀವಕ್ಕೆ ತೊಂದರೆ ಆಗಲಿಲ್ಲ.

ಹುಡುಗನ ಹತ್ತಿರ ಲೈಸೆನ್ಸ್ ಇತ್ತು. ಆದರೆ ಕಾರ್ಡಿನಲ್ಲಿ ಇದ್ದದ್ದು ಗೇರ್ ಬೈಕಿನದು ಮಾತ್ರ, 'ಎಲ್‌ಎಂವಿ' (ಕಾರಿನಂಥ ಲಘು ವಾಹನ) ಅನ್ನುವ ಸಾಲೇ ಇಲ್ಲ. ಕಾರಿನ ಮಟ್ಟಿಗೆ ಅದು ಲೈಸೆನ್ಸ್ ಇಲ್ಲದ ಹಾಗೇ ಲೆಕ್ಕ.

ಗೆಳೆಯ ಸ್ಟೇಷನ್ನಿನ ಹೊರಗಿನಿಂದ ಫೋನ್ ಮಾಡಿದ. "ಓಡಿಸ್ತಿದ್ದದ್ದು ನಾನೇ ಅಂತ ಹೇಳಿಬಿಡ್ತೀನಿ, ನೀನೂ ಹಾಗೇ ಬರೆದುಕೊಡು." ಅಲ್ಲಿದ್ದ ಯಾರೋ ಕೊಟ್ಟ ಸಲಹೆ ಅಂತೆ. ಆಗಲ್ಲ ಅಂದೆ. ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಪೊಲೀಸರು ಕೇಳಿದರೆ ಯಾರು ಓಡಿಸುತ್ತಿದ್ದರು ಅಂತ ಮಾಲೀಕ ತಿಳಿಸಲೇಬೇಕು. ಸುಳ್ಳು ಬರೆದುಕೊಟ್ಟರೆ ಅದೇ ಇನ್ನೊಂದು ಕೇಸು. ಅಷ್ಟರಲ್ಲಿ ಪಕ್ಕದ ಅಂಗಡಿಯವರು ಮೊಬೈಲಿನಲ್ಲಿ ವಿಡಿಯೋ ಮಾಡಿಯೂ ಆಗಿತ್ತು. ಡ್ರೈವರ್ ಸೀಟಿನಿಂದ ಹುಡುಗ ಇಳಿಯುವುದು ಅದರಲ್ಲಿ ಕಾಣುತ್ತದೆ. ಇನ್ಶೂರೆನ್ಸ್ ಕಂಪನಿ ಕಳಿಸಿದ ತನಿಖೆಯವರು ಮೊದಲು ಕೇಳಿದ್ದೇ ಆ ವಿಡಿಯೋ.

ನನ್ನ ಕಾರಿನ ರಿಪೇರಿ ಕ್ಲೇಮ್ ತಿರಸ್ಕಾರವಾಯಿತು. ಪತ್ರದಲ್ಲಿ ಒಂದೇ ಕಾರಣ: ಚಾಲಕನಿಗೆ ಆ ವರ್ಗದ ವಾಹನದ ಲೈಸೆನ್ಸ್ ಇಲ್ಲ. ಪಾಲಿಸಿ ತೆಗೆದು ಓದಿದೆ. ಯಾರು ಓಡಿಸಿದರೂ ನಡೆಯುತ್ತದೆ, ಆದರೆ ಅವರ ಹತ್ತಿರ ಚಾಲ್ತಿಯಲ್ಲಿರುವ ಸರಿಯಾದ ಲೈಸೆನ್ಸ್ ಇರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಕುಡಿದು ಓಡಿಸಿದರೂ ಇದೇ ಕಥೆ. ಕಾರು ಬಾಡಿಗೆಗೆ ಕೊಟ್ಟರೂ ಅಷ್ಟೇ, ಖಾಸಗಿ ಕಾರಿನ ಪಾಲಿಸಿ ಅದಕ್ಕೆ ಒಪ್ಪುವುದಿಲ್ಲ. ಇದನ್ನು ಓದಿ ನನಗೆ ಬೆವರಿತು. ಗೆಳೆಯ ಪೆಟ್ರೋಲಿಗೆ ಅಂತ ಹಾಕಿದ ದುಡ್ಡಿನ ಜೊತೆ ತಮಾಷೆಗೆ 'ಕಾರ್ ಬಾಡಿಗೆ' ಅಂತ ಬರೆದಿದ್ದ! ವಕೀಲರು ಅದನ್ನು ನೋಡಿ ತಲೆ ಚಚ್ಚಿಕೊಂಡರು.

ದೊಡ್ಡ ತಲೆನೋವು ಬೈಕಿನವರ ಪರಿಹಾರದ ಕೇಸು. ಅವರು ಟ್ರಿಬ್ಯೂನಲ್‌ಗೆ, ಅಂದರೆ ಅಪಘಾತ ಪರಿಹಾರದ ಕೋರ್ಟಿಗೆ, ಹಾಕಿದ ಅರ್ಜಿಯಲ್ಲಿ ಮೊದಲ ಎದುರುದಾರ ನಾನೇ. ಆರ್‌ಸಿ (ನೋಂದಣಿ ಪತ್ರ) ಯಾರ ಹೆಸರಿನಲ್ಲಿ ಇದೆಯೋ ಕಾನೂನಿಗೆ ಅವರೇ ಮಾಲೀಕರು. ಇಂಥ ಕೇಸುಗಳಲ್ಲಿ ಟ್ರಿಬ್ಯೂನಲ್ ಎಷ್ಟೋ ಸಲ "ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ" ಅನ್ನುತ್ತದೆ. ಗಾಯಾಳುವಿಗೆ ದುಡ್ಡು ಸಿಗುತ್ತದೆ, ಅದು ನ್ಯಾಯವೇ. ಆದರೆ ಕಂಪನಿ ಬಂದು ಬಾಗಿಲು ಬಡಿಯುವುದು ನಮ್ಮ ಮನೆಯದು.

ನಮ್ಮ ವಕೀಲರು ನೆಚ್ಚಿಕೊಂಡಿರುವುದು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು. 1987ರ ಕೇಸಿನಲ್ಲಿ ಲಾರಿ ಡ್ರೈವರ್ ಎಂಜಿನ್ ಆಫ್ ಮಾಡದೆ ತಿಂಡಿ ತರಲು ಹೋಗಿದ್ದ. ಲೈಸೆನ್ಸ್ ಇಲ್ಲದ ಕ್ಲೀನರ್ ಲಾರಿ ಓಡಿಸಿ ಅಪಘಾತ ಮಾಡಿದ. ಮಾಲೀಕ ತಾನಾಗಿ ಷರತ್ತು ಮುರಿದಿಲ್ಲ, ಹಾಗಾಗಿ ಕಂಪನಿ ಜಾರಿಕೊಳ್ಳುವಂತಿಲ್ಲ ಅಂತ ಕೋರ್ಟ್ ಹೇಳಿತು. 2004ರ ತೀರ್ಪೂ ಅದೇ ದಾರಿ ಹಿಡಿಯಿತು. ಮಾಲೀಕ ಸಾಕಷ್ಟು ಎಚ್ಚರ ವಹಿಸಲಿಲ್ಲ ಅನ್ನುವುದನ್ನು ಕಂಪನಿಯೇ ಸಾಬೀತು ಮಾಡಬೇಕು. ಹಾಗಾಗಿ ಆ ವಾಟ್ಸಾಪ್ ಫೋಟೋ ಈಗ ನನ್ನ ಮುಖ್ಯ ಸಾಕ್ಷಿ. ಕೇಸು ಇನ್ನೂ ನಡೆಯುತ್ತಿದೆ.

ಲೈಸೆನ್ಸ್ ಇಲ್ಲ ಅಂತ ಗೊತ್ತಿದ್ದೂ ಕೊಟ್ಟಿದ್ದರೆ ಮಾತೇ ಬೇರೆ. ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಓಡಿಸಿದವರು 18 ತುಂಬದವರಾದರೆ 25,000 ದಂಡ ಮತ್ತು ಮೂರು ವರ್ಷದವರೆಗೆ ಜೈಲು. ಆರ್‌ಸಿ ಕೂಡ ಒಂದು ವರ್ಷ ರದ್ದು.

ಕಾರು ಕೇಳಿ ತೆಗೆದುಕೊಂಡು ಹೋಗುವವರಿಗೂ ಒಂದು ಮಾತು. ಪಾಲಿಸಿಯ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಮಾಲೀಕರಿಗೆ ಮಾತ್ರ, ನಿಮಗಲ್ಲ. ಇಳಕಲ್ ಕಡೆ ಒಬ್ಬರು ಬೇರೆಯವರ ಬೈಕ್ ಪಡೆದು ಹೋಗುವಾಗ ಎತ್ತಿನಗಾಡಿಗೆ ಗುದ್ದಿ ತೀರಿಕೊಂಡರು. ವಾಹನ ಕೇಳಿ ಪಡೆದವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ, ಅವನು ಥರ್ಡ್ ಪಾರ್ಟಿ, ಅಂದರೆ ಪಾಲಿಸಿಯ ಹೊರಗಿನ ಮೂರನೆಯವನು, ಅಲ್ಲ ಅಂತ ಆ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು.

ಈಗ ಯಾರಾದರೂ ಕಾರು ಕೇಳಿದರೆ ಲೈಸೆನ್ಸಿನ ಎರಡೂ ಬದಿಯ ಫೋಟೋ ತರಿಸಿಕೊಳ್ಳುತ್ತೇನೆ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಅವಧಿ, ವರ್ಗ ಎರಡನ್ನೂ ನೋಡುತ್ತೇನೆ. ಆಮೇಲೆ ಒಂದು ಮೆಸೇಜ್: "ನೀವು ಮಾತ್ರ ಓಡಿಸಬೇಕು, ಬೇರೆ ಯಾರಿಗೂ ಕೊಡಬೇಡಿ. ಒಪ್ಪಿಗೆ ಇದ್ದರೆ ಉತ್ತರ ಬರೆಯಿರಿ." ನಮ್ಮ ಚಿಕ್ಕಪ್ಪ ಇದಕ್ಕೆ ಮುನಿಸಿಕೊಂಡು ಟ್ಯಾಕ್ಸಿ ಮಾಡಿಕೊಂಡು ಹೋದರು. ಹೋಗಲಿ ಬಿಡಿ.